ಬಂಪರಿನ ಒಳಮೈ

ನಮ್ಮ ತಂದೆಯವರು ಲಿಂಗೈಕ್ಯರಾದ ಮೇಲೆ ಅವರ ಪ್ರೀಮಿಯರ್ ಪದ್ಮಿನಿ ಕಾರು ಕಾಮಸಮುದ್ರದ ಮನೆಯ ಹಿಂದಿನ ಕೊಟ್ಟಿಗೆಯಲ್ಲಿ ಹನ್ನೊಂದು ವರ್ಷ ನಿಂತೇ ಇತ್ತು. ಅವರು ಚಿನ್ನದ ಗಣಿಯ ವರ್ಕ್‌ಷಾಪಿನಲ್ಲಿ ಫಿಟ್ಟರ್ ಆಗಿದ್ದವರು. ಆ ಕಾರನ್ನು ಕೊಂಡಾಗಲೇ ಅದು ಮತ್ತೊಬ್ಬರ ಕೈಯಲ್ಲಿ ಹಳತಾಗಿತ್ತು. 2001ರ ಫೆಬ್ರವರಿ 28ರಂದು ಭಾರತ್ ಗೋಲ್ಡ್ ಮೈನ್ಸ್ ಮುಚ್ಚಿದಾಗ ಅವರು ಮನೆಗೆ ತಂದದ್ದು ಒಂದು ಸ್ಪಾನರ್ ಪೆಟ್ಟಿಗೆ ಮಾತ್ರ. ಆ ಪೆಟ್ಟಿಗೆಯನ್ನು ಅವರು ಬೇರೆಯವರು ಮುಟ್ಟಲು ಬಿಡುತ್ತಿರಲಿಲ್ಲ.

ಕಳೆದ ವರ್ಷ ನಮ್ಮ ತಾಯಿಯವರು, “ಬಸವ ಜಯಂತಿಗೆ ಬಂಗಾರಪೇಟೆಗೆ ನಿಮ್ಮಪ್ಪನ ಕಾರಿನಲ್ಲೇ ಹೋಗಬೇಕು” ಎಂದರು. ಎಂಬತ್ತನಾಲ್ಕು ವರ್ಷದ ತಾಯಿಯ ಮಾತನ್ನು ನಾಳೆ ಎಂದು ಮುಂದೂಡುವುದು ಹೇಗೆ? ನಾನೂ ನನ್ನ ಅಣ್ಣನ ಮಗನೂ ಕೆಲಸಕ್ಕೆ ಇಳಿದೆವು. ಎಂಜಿನ್ನನ್ನು ಮೆಕ್ಯಾನಿಕ್ಕರಿಗೆ ಒಪ್ಪಿಸಿದೆವು. ಬಿಡಿಭಾಗಗಳ ತುಕ್ಕು ತೆಗೆದು ಹೊಳಪು ಕೊಡುವ ಕೆಲಸ ನಮ್ಮ ಪಾಲಿಗೆ ಬಂತು. ಇದು ವಯಸ್ಸಾದವನ ಶೋಕಿ ಎಂದು ನಗುವವರು ನಗಲಿ, ಆ ಮೂರು ತಿಂಗಳು ನನಗೆ ಬೇರೆ ಯಾವ ಚಿಂತೆಯೂ ಇರಲಿಲ್ಲ.

ಹುಡುಗನ ಆಸೆಯೆಲ್ಲ ಬಂಪರಿನ ಮೇಲೆ. “ಚಿಕ್ಕಪ್ಪ, ಕ್ರೋಮ್ ಲೇಪವನ್ನು ಮನೆಯಲ್ಲೇ ಹಾಕೋಣ, ಬ್ಯಾಟರಿ ಚಾರ್ಜರ್ ಇದೆ, ಕ್ರೋಮಿಕ್ ಆಮ್ಲ ತರಿಸಿದರೆ ಸಾಕು” ಎಂದ. ನಾನು ಒಪ್ಪಲಿಲ್ಲ. ಬಂಪರಿನ ಮೇಲೆ ಕನ್ನಡಿಯಂತೆ ಕಾಣುವ ಕ್ರೋಮಿಯಂ ಪದರವು ಒಂದು ಮೈಕ್ರಾನಿಗಿಂತಲೂ ತೆಳುವಾದದ್ದು. ಕಬ್ಬಿಣವನ್ನು ನಿಜವಾಗಿ ಕಾಯುವುದು ಅದರ ಕೆಳಗಿರುವ ದಪ್ಪ ನಿಕ್ಕಲ್ ಪದರ. ಅಷ್ಟು ತೆಳುವಾದ ಹೊಳಪಿಗಾಗಿ ಬಳಸುವ ಷಡ್ವೇಲೆನ್ಸಿಯ ಕ್ರೋಮಿಯಂ ಉಸಿರಿನೊಡನೆ ಒಳಸೇರಿದರೆ ಶ್ವಾಸಕೋಶದ ಅರ್ಬುದಕ್ಕೆ ಕಾರಣವಾಗುತ್ತದೆ. ಬೆಂಗಳೂರಿನ ಪೀಣ್ಯ ಕೈಗಾರಿಕಾ ಪ್ರದೇಶದ ಅಂತರ್ಜಲದಲ್ಲಿ ಇದೇ ಕ್ರೋಮಿಯಂ ಕಂಡುಬಂದಿದೆ. ಸದಾ ಹರಿಯುವ ನದಿಯೊಂದೂ ಇಲ್ಲದೆ ಕೊಳವೆಬಾವಿಯನ್ನೇ ನಂಬಿರುವ ನಮ್ಮ ಜಿಲ್ಲೆಯಲ್ಲಿ ಅಂಥ ನೀರನ್ನು ಹಿತ್ತಲಿಗೆ ಚೆಲ್ಲಿದರೆ ಅದನ್ನು ಕುಡಿಯುವವರು ಯಾರು? ಗಣಿ ಪ್ರದೇಶದ ಸೈನೈಡ್ ದಿಬ್ಬಗಳನ್ನು ನೋಡುತ್ತ ಬೆಳೆದವನು ನಾನು. ಅದಿರನ್ನು ನುಣ್ಣಗೆ ಅರೆದು, ಸೈನೈಡಿನಿಂದ ಚಿನ್ನವನ್ನು ಸೆಳೆದುಕೊಂಡು, ಉಳಿದ ಪುಡಿಯನ್ನು ಗುಡ್ಡವಾಗಿ ಸುರಿದರು. ಚಿನ್ನ ಎಲ್ಲಿಗೋ ಹೋಯಿತು. ಗಾಳಿ ಬೀಸಿದಾಗ ಆ ದಿಬ್ಬದ ಧೂಳು ಮಾತ್ರ ಇಂದಿಗೂ ಕೆ.ಜಿ.ಎಫ್. ಮನೆಗಳಿಗೆ ಬರುತ್ತದೆ. ಹುಡುಗನಿಗೆ ಇಷ್ಟನ್ನೇ ಹೇಳಿದೆ.

ಹೀಗೆ ಉಪದೇಶ ಮಾಡಿದ ನಾನೇ ಮರುವಾರ ತಪ್ಪು ಮಾಡಿದೆ. ತುಕ್ಕು ಬೇಗ ಬಿಡಲೆಂದು ಹೈಡ್ರೋಕ್ಲೋರಿಕ್ ಆಮ್ಲವನ್ನು ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ನೀರಿಗೆ ಬೆರೆಸಿ, ಬ್ರಾಕೆಟ್ಟುಗಳು, ಬೋಲ್ಟುಗಳು ಮತ್ತು ಬ್ರೇಕಿನ ಸ್ಪ್ರಿಂಗುಗಳನ್ನು ಒಟ್ಟಿಗೆ ಹಾಕಿ, ಕೊಟ್ಟಿಗೆಯ ಬಾಗಿಲು ಮುಚ್ಚಿ ಮಲಗಿದೆ. ಬೆಳಿಗ್ಗೆ ನೋಡಿದರೆ ಬಕೆಟ್ಟಿನೊಳಗಿನ ವಸ್ತುಗಳು ಬೆಳ್ಳಗಾಗಿದ್ದವು. ಹೊರಗೆ ಹಲಗೆಯ ಮೇಲೆ ತೆರೆದಿದ್ದ ತಂದೆಯವರ ಸ್ಪಾನರುಗಳೆಲ್ಲ ಕಿತ್ತಳೆ ಬಣ್ಣಕ್ಕೆ ತಿರುಗಿದ್ದವು! ಆ ಆಮ್ಲದ ಹೊಗೆ ಮುಚ್ಚಿದ ಕೋಣೆಯಲ್ಲಿ ತುಂಬಿಕೊಂಡು, ಕಣ್ಣಿಗೆ ಬಿದ್ದ ಉಕ್ಕನ್ನೆಲ್ಲ ತಿನ್ನುತ್ತದೆ. ನಲವತ್ತು ವರ್ಷ ಎಣ್ಣೆ ಬಟ್ಟೆಯಲ್ಲಿ ಸುತ್ತಿಟ್ಟು ಅವರು ಕಾಪಾಡಿದ್ದನ್ನು ನಾನು ಒಂದೇ ರಾತ್ರಿಯಲ್ಲಿ ಕೆಡಿಸಿದ್ದೆ.

ಇನ್ನೊಂದು ಅನಾಹುತ ಸ್ವಲ್ಪದರಲ್ಲಿ ತಪ್ಪಿತು. ತೊಳೆದು ಒಣಗಿಸಿದ ಬ್ರೇಕ್ ಸ್ಪ್ರಿಂಗೊಂದನ್ನು ಹುಡುಗನು ಕೊಕ್ಕೆಗೆ ಎಳೆದು ಸಿಕ್ಕಿಸುವಾಗ ಅದು ಗಾಜಿನ ಕಡ್ಡಿಯಂತೆ ಪಟ್ಟನೆ ಮುರಿಯಿತು. ಆಮ್ಲವು ಕಬ್ಬಿಣವನ್ನು ಕರಗಿಸುವಾಗ ಹುಟ್ಟುವ ಜಲಜನಕವು ಗಟ್ಟಿ ಉಕ್ಕಿನೊಳಗೆ ಸೇರಿ ಅದನ್ನು ಪೆಡಸಾಗಿಸುತ್ತದೆ. ವಿದ್ಯುಲ್ಲೇಪನದಲ್ಲಿಯೂ ಇದೇ ಅಪಾಯವುಂಟು. ಆದ್ದರಿಂದ ಕಾರ್ಖಾನೆಗಳಲ್ಲಿ ಅಂಥ ಭಾಗಗಳನ್ನು ಲೇಪನವಾದ ಕೆಲವೇ ಗಂಟೆಗಳೊಳಗೆ ಸುಮಾರು 200 ಡಿಗ್ರಿ ಶಾಖದಲ್ಲಿ ಹಲವು ತಾಸು ಬೇಯಿಸುತ್ತಾರೆ. ಹೊರನೋಟಕ್ಕೆ ಹೊಸದರಂತೆ ಹೊಳೆಯುತ್ತಿದ್ದ ಆ ಸ್ಪ್ರಿಂಗು ಚಕ್ರದೊಳಗೆ ಸೇರಿ, ತಾಯಿಯವರು ಕುಳಿತಿದ್ದಾಗ ರಸ್ತೆಯಲ್ಲಿ ಮುರಿದಿದ್ದರೆ? ಆಮ್ಲದಲ್ಲಿ ಮಿಂದಿದ್ದ ಸ್ಪ್ರಿಂಗು, ಬೋಲ್ಟುಗಳನ್ನೆಲ್ಲ ಗುಜರಿಗೆ ಹಾಕಿ ಹೊಸದನ್ನು ತರಿಸಿದೆ. ಬ್ರೇಕು, ಸ್ಟಿಯರಿಂಗ್, ಸಸ್ಪೆನ್ಷನ್ನುಗಳ ಯಾವ ಭಾಗಕ್ಕೂ ಮನೆಯಲ್ಲಿ ಆಮ್ಲವೂ ಬೇಡ, ಲೇಪವೂ ಬೇಡ ಎಂದು ಅಂದೇ ತೀರ್ಮಾನಿಸಿದೆ. ಉಳಿದ ಆಮ್ಲಕ್ಕೆ ಸುಣ್ಣ ಬೆರೆಸಿ ಅದರ ಕಾವನ್ನು ತಣಿಸಲು ಅರ್ಧ ದಿನ ಹಿಡಿಯಿತು.

ಆ ಸಂಜೆ ಜಗಲಿಯಲ್ಲಿ ತಲೆ ತಗ್ಗಿಸಿ ಸ್ಪಾನರುಗಳನ್ನು ಉಜ್ಜುತ್ತ ಕುಳಿತಿದ್ದೆ. ತಾಯಿಯವರು ಹತ್ತಿರ ಬಂದು ಕೂತು, “ಯಾಕಪ್ಪಾ, ಕಲಾಯಿಯವನು ಪಾತ್ರೆಯ ಒಳಗಡೆಗೆ ಕಲಾಯಿ ಹಾಕುತ್ತಿದ್ದ. ನೀನು ಬರೀ ಹೊರಗಡೆಗೆ ಒದ್ದಾಡುತ್ತಿದ್ದೀಯಲ್ಲ” ಎಂದರು.

ನಾನು ಉಜ್ಜುವುದನ್ನು ನಿಲ್ಲಿಸಿದೆ. ಕಲಾಯಿಯವನು ಬೀದಿಯಲ್ಲಿ ತಿದಿಯೊತ್ತುತ್ತಿದ್ದುದು ನಮ್ಮ ಪೀಳಿಗೆಯವರಿಗೆಲ್ಲ ನೆನಪಿದೆ. ಹಿತ್ತಾಳೆಯ ಪಾತ್ರೆಯನ್ನು ಮೊದಲು ಚೆನ್ನಾಗಿ ತಿಕ್ಕಿ, ಕಾಯಿಸಿ, ನವಸಾಗರದ ಪುಡಿ ಚಿಮುಕಿಸಿ, ತವರವನ್ನು ಮುಟ್ಟಿಸಿ ಹತ್ತಿಯಿಂದ ಒರೆಸುತ್ತಿದ್ದ. ತವರ 232 ಡಿಗ್ರಿಗೇ ಕರಗುವುದರಿಂದ ಬೀದಿಯ ಇದ್ದಿಲೇ ಅದಕ್ಕೆ ಸಾಕಾಗುತ್ತಿತ್ತು. ಹುಳಿ ಪದಾರ್ಥ ಹಿತ್ತಾಳೆಗೆ ತಗುಲಿ ವಿಷವಾಗಬಾರದೆಂದು ಆ ಲೇಪ. ನೋಡುವವರ ಕಣ್ಣಿಗೆಂದು ಅದನ್ನು ಹಾಕುತ್ತಿರಲಿಲ್ಲ. ಮರುದಿನ ಬಂಪರನ್ನು ಬಿಚ್ಚಿ ತಿರುಗಿಸಿ ನೋಡಿದೆ. ಹೊರಗೆ ಕ್ರೋಮು ಅಲ್ಲಲ್ಲಿ ಮಾತ್ರ ಕೆಟ್ಟಿತ್ತು. ಒಳಮೈಯಲ್ಲಿ ಕೆಸರು ಹಿಡಿದು ತುಕ್ಕು ಪದರ ಪದರವಾಗಿ ಎದ್ದಿತ್ತು.

ಅಲ್ಲಿಂದ ಮುಂದೆ ಕೆಲಸ ನಿಧಾನವಾಗಿಯೂ ಸರಿಯಾಗಿಯೂ ನಡೆಯಿತು. ಭಾರತ್ ಅರ್ಥ್ ಮೂವರ್ಸ್ ಕಾರ್ಖಾನೆಯ ಬಣ್ಣದ ವಿಭಾಗದಿಂದ ನಿವೃತ್ತರಾದ ನೆರೆಯ ಮಿತ್ರರೊಬ್ಬರು ದಾರಿ ತೋರಿದರು. ಸಣ್ಣ ಉಕ್ಕಿನ ಭಾಗಗಳಿಗೆ ಅವರು ಹೇಳಿದ ಔಷಧ ಕಾಕಂಬಿ. ಒಂದು ಪಾಲು ಕಾಕಂಬಿಗೆ ಒಂಬತ್ತು ಪಾಲು ನೀರು ಬೆರೆಸಿ, ಎರಡು ವಾರ ಮುಳುಗಿಸಿಟ್ಟರೆ ಅದು ತುಕ್ಕನ್ನು ಮಾತ್ರ ಸೆಳೆದುಕೊಂಡು ಉಕ್ಕನ್ನು ಬಹುಮಟ್ಟಿಗೆ ಬಿಟ್ಟುಬಿಡುತ್ತದೆ. ವಾಸನೆಯನ್ನು ಮಾತ್ರ ಕೇಳಬೇಡಿ, ಮನೆಯವರು ಒಂದು ವಾರ ಹಿತ್ತಲ ಬಾಗಿಲು ತೆರೆಯಲಿಲ್ಲ. ಅಲ್ಯೂಮಿನಿಯಂ ವಸ್ತುಗಳನ್ನೂ, ಸತುವಿನ ಮಿಶ್ರಲೋಹದಲ್ಲಿ ಎರಕ ಹೊಯ್ದ ಕಾರ್ಬ್ಯುರೇಟರನ್ನೂ ಅದರಲ್ಲಿ ಹಾಕಬಾರದು, ಅವನ್ನು ಅದು ತಿನ್ನುತ್ತದೆ.

ಬಂಪರಿನ ಒಳಮೈಯನ್ನು ತಂತಿಯ ಬ್ರಷ್ಷಿನಿಂದ ಕೆರೆದೆವು. ಹಳೆಯ ಬಣ್ಣದಲ್ಲಿ ಸೀಸವಿರಬಹುದಾದ್ದರಿಂದ, ಬಣ್ಣವಿದ್ದ ಕಡೆ ಒಣ ಉಜ್ಜಾಟವನ್ನು ಬಿಟ್ಟು ನೀರು ಹಾಕಿಯೇ ಎಮೆರಿ ಕಾಗದದಿಂದ ಉಜ್ಜಿದೆವು. ತೊಳೆದ ಉಕ್ಕಿನ ಮೇಲೆ ಕೆಲವೇ ನಿಮಿಷಗಳಲ್ಲಿ ಹೊಸ ತುಕ್ಕು ಇಣುಕುತ್ತದೆ. ಬಿಸಿಲಲ್ಲಿ ಒಣಗಿಸಿ ಅದೇ ದಿನ ಜಿಂಕ್ ಫಾಸ್ಫೇಟ್ ಪ್ರೈಮರ್ ಹಚ್ಚಿ, ಮೇಲೆ ಎನಾಮೆಲಿನ ಎರಡು ತೆಳು ಪದರ ಕೊಟ್ಟೆವು. ಗಟ್ಟಿಕಾರಕ ಬೆರೆಸಿ ಸಿಂಪಡಿಸುವ ಬಣ್ಣ ಹೆಚ್ಚು ಬಾಳುತ್ತದೆಂದು ಹುಡುಗ ವಾದಿಸಿದ. ಅದರಲ್ಲಿರುವ ಐಸೋಸಯನೇಟ್ ಸಾಮಾನ್ಯ ಮುಖಗವಸಿಗೆ ನಿಲ್ಲುವುದಿಲ್ಲವೆಂದು ಮಿತ್ರರು ತಡೆದರು. ಹೊಗೆಕೊಳವೆಗೆ 600 ಡಿಗ್ರಿ ತಾಳುವ ಅಲ್ಯೂಮಿನಿಯಂ ಬಣ್ಣ ಬೇಕಾಯಿತು, ಬೇರೆಯದು ಮೊದಲ ದಿನವೇ ಸುಟ್ಟುಹೋಗುತ್ತಿತ್ತು. ಬಂಪರಿನ ಹೊರಮೈಗೆ ಅಡಿಗೆಮನೆಯ ಅಲ್ಯೂಮಿನಿಯಂ ಹಾಳೆಯನ್ನು ಮುದುರಿ, ನೀರಿನಲ್ಲಿ ಅದ್ದಿ ಉಜ್ಜಿದೆವು. ಕ್ರೋಮಿಗಿಂತ ಅದು ಮೃದುವಾದ್ದರಿಂದ ಗೀರು ಬೀಳುವುದಿಲ್ಲ, ತುಕ್ಕಿನ ಚುಕ್ಕೆಗಳು ಹೋಗುತ್ತವೆ. ಮೇಲೆ ಮೇಣ. ಕೆಲವು ಗುಳಿಗಳು ಹಾಗೆಯೇ ಉಳಿದವು.

ಒಂದು ಬೆಳಿಗ್ಗೆ ಪೂಜೆಯ ವೇಳೆ ಅಂಗೈಯ ಇಷ್ಟಲಿಂಗವನ್ನು ನೋಡುತ್ತಿದ್ದಾಗ ಅದರ ಮೇಲಿನ ಕಂತಿಯ ನೆನಪಾಯಿತು. ಭಸ್ಮವನ್ನು ಎಣ್ಣೆಯಲ್ಲಿಯೋ ತುಪ್ಪದಲ್ಲಿಯೋ ಅರೆದು ಕಟ್ಟಿದ ಆ ಕಪ್ಪು ಲೇಪ ಒಳಗಿನ ಕಲ್ಲು ಸವೆಯದಂತೆ ಕಾಯುತ್ತದೆ. ಅರವತ್ತು ವರ್ಷ ಪೂಜಿಸಿದರೂ ಇದು ನನಗೆ ಹೊಳೆದಿರಲಿಲ್ಲ. ಪೂಜೆಯ ಹೊತ್ತಿನಲ್ಲಿ ಬಂಪರಿನ ಯೋಚನೆ ಬಂದದ್ದಕ್ಕೆ ಕ್ಷಮೆ ಕೇಳಿಕೊಂಡು ಮುಂದುವರಿದೆ.

ಬಸವ ಜಯಂತಿಯ ದಿನ ತಾಯಿಯವರು ಮುಂದಿನ ಆಸನದಲ್ಲಿ ಕೂತರು. ಹೊರಡುವ ಮೊದಲು ಬಂಪರಿನ ಕೆಳಗೆ ಕೈ ಹಾಕಿ, ಒಳಗಡೆ ಸವರಿ, ಬೆರಳನ್ನು ನೋಡಿಕೊಂಡರು. ಅದರಲ್ಲಿ ತುಕ್ಕಿರಲಿಲ್ಲ. “ನಡೆ” ಎಂದರು. ಸ್ಪಾನರುಗಳು ಪೂರ್ತಿ ಮೊದಲಿನಂತಾಗಲಿಲ್ಲ. ಎಣ್ಣೆ ಬಟ್ಟೆಯಲ್ಲಿ ಸುತ್ತಿ ಡಿಕ್ಕಿಯಲ್ಲಿಟ್ಟಿದ್ದೇನೆ.