ಬಹುಮಾನ ಬಂದ ಮೇಲೆ



ಈ ಸ್ಮರಣ ಸಂಚಿಕೆಯ ನಿಮಿತ್ತವಾಗಿ ನಮ್ಮ ಹಳೆಯ ವಿದ್ಯಾರ್ಥಿನಿಯರಿಗೆಂದು ಏರ್ಪಡಿಸಿದ್ದ ಸಣ್ಣ ಕಥೆಗಳ ಸ್ಪರ್ಧೆಯಲ್ಲಿ ಬಹುಮಾನ ಪಡೆದ ಮೂರು ಕಥೆಗಳನ್ನು ನೀವು ಮುಂದಿನ ಪುಟಗಳಲ್ಲಿ ಕಾಣುವಿರಿ. ಕಥೆಗಳು ಮೂರಿದ್ದರೂ ಬರೆದವರ ಹೆಸರುಗಳು ಎರಡೇ ಇವೆ. ಇದು ಮುದ್ರಣದೋಷವಲ್ಲ. ಇದರ ಕಾರಣವನ್ನು ನಿಮ್ಮ ಮುಂದಿಡುವುದು ನಮ್ಮ ಕರ್ತವ್ಯವೆಂದು ತಿಳಿದು ಈ ನಾಲ್ಕು ಮಾತುಗಳನ್ನು ಬರೆಯುತ್ತಿದ್ದೇವೆ.

ಬಹುಮಾನದ ಸುದ್ದಿಯನ್ನು ಮೂವರಿಗೂ ನಾವೇ ತಿಳಿಸಿದೆವು. ಒಬ್ಬಳು ಆಸ್ಪತ್ರೆಯಲ್ಲಿ ನರ್ಸು. ರಾತ್ರಿಯ ಕೆಲಸ ಮುಗಿಸಿ ಆಗತಾನೇ ಮನೆಗೆ ಬಂದಿದ್ದವಳು, “ನನ್ನ ಹೆಸರಿನವರು ಇನ್ನೊಬ್ಬರಿದ್ದಾರೇನೋ ಟೀಚರ್, ಸರಿಯಾಗಿ ನೋಡಿರಿ” ಎಂದಳು. ಇನ್ನೊಬ್ಬಳು ಕೇಳಿದ ಕೂಡಲೇ ಆನಂದದಿಂದ ನಕ್ಕಳು; ಆದರೆ ಮರುದಿನ ತಾನಾಗಿಯೇ ಫೋನು ಮಾಡಿ, “ಇನ್ನು ಬರೆಯಲು ಭಯವಾಗುತ್ತದೆ ಟೀಚರ್. ಎರಡನೆಯ ಕಥೆ ಇಷ್ಟು ಚೆನ್ನಾಗಿ ಬಾರದೆ ಹೋದರೆ?” ಎಂದು ಕೇಳಿದಳು. ಮೊದಲನೆಯ ಬಹುಮಾನ ಪಡೆದವಳು ಮಾತ್ರ ಬಹಳ ಹೊತ್ತು ಸುಮ್ಮನಿದ್ದಳು. ಕಡೆಗೆ, “ಕಥೆ ಅಚ್ಚಾಗಲಿ ಟೀಚರ್, ಹೆಸರು ಮಾತ್ರ ಹಾಕಬೇಡಿರಿ. ಕಥೆಯಲ್ಲಿ ಬರುವ ಅತ್ತೆ ತಾವೇ ಎಂದು ಮನೆಯಲ್ಲಿ ತಿಳಿದುಕೊಂಡಾರು” ಎಂದಳು.

ಇದನ್ನು ವಿನಯವೆಂದು ಹೊಗಳಿ ಮುಗಿಸಬಹುದಾಗಿತ್ತು. ಆದರೆ ಇದೇ ಮಕ್ಕಳ ಅಣ್ಣತಮ್ಮಂದಿರು ಪಂದ್ಯದಲ್ಲಿ ಗೆದ್ದು ಬಂದಾಗ ಹೆಸರು ಮರೆಮಾಡಿರೆಂದು ಕೇಳಿದ್ದನ್ನು ನಾವು ಕಂಡಿಲ್ಲ. ಆದುದರಿಂದ ಇದು ಬರಿಯ ವಿನಯವಲ್ಲ, ಹೆದರಿಕೆಯೂ ಅಹುದೆಂದು ನಮಗೆ ತೋರುತ್ತದೆ.

ಈ ಹೆದರಿಕೆ ಹೊಸತಲ್ಲ. ಕೊಡಗಿನ ಗೌರಮ್ಮನವರು (೧೯೧೨–೧೯೩೯) ತಮ್ಮ ಕಥೆಗಳನ್ನು ಪತಿಯ ಹೆಸರು ಹಿಡಿದು ‘ಮಿಸೆಸ್ ಬಿ. ಟಿ. ಜಿ. ಕೃಷ್ಣ’ ಎಂಬ ಅಂಕಿತದಲ್ಲಿ ಪ್ರಕಟಿಸಿದರು. ‘ಕಂಬನಿ’ ಎಂಬ ಅವರ ಕಥಾಸಂಗ್ರಹವು ಪುಸ್ತಕವಾಗಿ ಬಂದುದು, ಇಪ್ಪತ್ತೇಳನೆಯ ವಯಸ್ಸಿನಲ್ಲಿ ಅವರು ನೀರಿನಲ್ಲಿ ಮುಳುಗಿ ತೀರಿಕೊಂಡ ತರುವಾಯ. ಕುಂದಾಪುರದಲ್ಲಿ ಹುಟ್ಟಿದ ಜಾನಕಿ ಶ್ರೀನಿವಾಸಮೂರ್ತಿಯವರು ‘ಸುಧಾ’ ವಾರಪತ್ರಿಕೆಗೆ ಕಥೆಯೊಂದನ್ನು ಕಳುಹಿಸಿ, ಅದು ನಿಜವಾಗಿ ನಡೆದ ಸಂಗತಿಯಾದುದರಿಂದ ಅಚ್ಚುಮಾಡಬೇಡಿರೆಂದು ಬರೆದುಕೊಂಡರು. ಸಂಪಾದಕರು ಹೆಸರನ್ನು ‘ವೈದೇಹಿ’ ಎಂದು ಬದಲಿಸಿ ಕಥೆಯನ್ನು ಪ್ರಕಟಿಸಿಯೇಬಿಟ್ಟರು. ಆ ಹೆಸರೇ ನಿಂತಿತು. ಅವರ ‘ಕ್ರೌಂಚ ಪಕ್ಷಿಗಳು’ ಎಂಬ ಕಥಾಸಂಕಲನಕ್ಕೆ ೨೦೦೯ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ದೊರೆಯಿತು.

ಎರಡನೆಯ ಕಥೆಗೆ ಅಂಜುವ ನಮ್ಮ ಮಗಳು ಹಾಸನದ ಬಾನು ಮುಷ್ತಾಕ್ ಅವರನ್ನು ನೆನೆಯಲಿ. ೨೦೨೫ರ ಮೇ ತಿಂಗಳಲ್ಲಿ ಲಂಡನ್ನಿನಲ್ಲಿ ಅವರಿಗೆ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಬಂದಿತು. ಸಣ್ಣ ಕಥೆಗಳ ಸಂಕಲನವೊಂದು ಆ ಪ್ರಶಸ್ತಿಯನ್ನು ಪಡೆದದ್ದು ಅದೇ ಮೊದಲು. ‘ಹಾರ್ಟ್ ಲ್ಯಾಂಪ್’ ಎಂಬ ಆ ಪುಸ್ತಕದ ೧೨ ಕಥೆಗಳು ೧೯೯೦ರಿಂದ ೨೦೨೩ರ ವರೆಗೆ, ಮೂವತ್ತು ವರ್ಷಗಳಿಗೂ ಮಿಕ್ಕಿದ ಕಾಲದಲ್ಲಿ, ಒಂದೊಂದಾಗಿ ಬರೆದವು. ಬಹುಮಾನವು ಒಂದು ದಿನದಲ್ಲಿ ಬಂದಿತು. ಕಥೆಗಳು ಹಾಗೆ ಬಂದುವಲ್ಲ. ಅವುಗಳನ್ನು ಇಂಗ್ಲಿಷಿಗೆ ತಂದು ಪ್ರಶಸ್ತಿಯಲ್ಲಿ ಸಮಪಾಲು ಪಡೆದ ಮಡಿಕೇರಿಯ ದೀಪಾ ಭಾಸ್ತಿಯವರು ಗೌರಮ್ಮನವರ ಕಥೆಗಳನ್ನೂ ಇಂಗ್ಲಿಷಿಗೆ ತಂದಿರುವರು. ಪತಿಯ ಹೆಸರಿನ ಮರೆಯಲ್ಲಿ ಬರೆದ ಆ ತಾಯಿಯನ್ನು ಈಗ ದೂರದೇಶದ ವಾಚಕರೂ ಅವರ ಸ್ವಂತ ಹೆಸರಿನಿಂದಲೇ ಅರಿಯುವರು.

ಇನ್ನು ನಮ್ಮ ತಪ್ಪನ್ನು ಹೇಳಬೇಕು. ಹೆಸರು ಬೇಡವೆಂದವಳಿಗೆ ನಾವು ಧೈರ್ಯ ಹೇಳಲು ಹೋದಾಗ ಅವಳು ಮೆಲ್ಲನೆ, “ಮನೆಯ ಮಾತು ಹೊರಗೆ ಬರೆಯಬಾರದೆಂದು ನೀವೇ ಹೇಳಿದ್ದಿರಲ್ಲಾ ಟೀಚರ್” ಎಂದಳು. ಅವಳ ಮಾತಿನಲ್ಲಿ ದೂರು ಇರಲಿಲ್ಲ. ನಮಗೆ ಮಾತ್ರ ಎಲ್ಲವೂ ನೆನಪಿಗೆ ಬಂದಿತು. ಅವಳು ಒಂಬತ್ತನೆಯ ತರಗತಿಯಲ್ಲಿದ್ದಾಗ ‘ನಮ್ಮ ಮನೆ’ ಎಂಬ ವಿಷಯವನ್ನು ಕುರಿತು ಪ್ರಬಂಧ ಬರೆಯಿಸಿದ್ದೆವು. ಎಲ್ಲರೂ ಉಂಡೆದ್ದ ಮೇಲೆ ತನ್ನ ತಾಯಿ ಅಡಿಗೆಮನೆಯ ದೀಪವನ್ನೂ ಹಚ್ಚದೆ ಪಾತ್ರೆಯ ತಳದಲ್ಲಿ ಉಳಿದುದನ್ನು ಉಣ್ಣುವಳೆಂದು ಆ ಹುಡುಗಿ ಬರೆದಿದ್ದಳು. ನಾವು ಕೆಂಪು ಶಾಯಿಯಿಂದ ಅದನ್ನು ಹೊಡೆದುಹಾಕಿ ಮತ್ತೊಮ್ಮೆ ಬರೆದು ತರಲು ಹೇಳಿದೆವು. ಎರಡನೆಯ ಸಲ ಅವಳು ಅಂಗಳದ ಮಲ್ಲಿಗೆಯ ಬಳ್ಳಿಯ ವಿಷಯ ಬರೆದಳು. ಅದಕ್ಕೆ ಪೂರ್ಣ ಅಂಕಗಳನ್ನು ಕೊಟ್ಟೆವು!

ದೀಪವನ್ನು ಕೊಳಗದ ಕೆಳಗಿಡಬಾರದೆಂಬ ಸುವಾರ್ತೆಯ ದೃಷ್ಟಾಂತವನ್ನು ಬೆಳಗಿನ ಪ್ರಾರ್ಥನೆಯಲ್ಲಿ ಎಷ್ಟೋ ಸಾರಿ ವಿವರಿಸಿದ ನಾವೇ ಆ ದಿನ ಕೊಳಗವನ್ನು ತಂದು ಮುಚ್ಚಿದೆವು. ಈಗ ಬಹುಮಾನ ಪಡೆದ ಕಥೆಯಲ್ಲಿ ಆ ಕತ್ತಲೆಯ ಅಡಿಗೆಮನೆ ಮರಳಿ ಬಂದಿದೆ. ಇಷ್ಟು ವರ್ಷ ಅದು ಅವಳ ಮನಸ್ಸಿನಲ್ಲಿ ಕಾದಿತ್ತು. ಕಾಯಿಸಿದವರು ನಾವು. ನಾವು ಅವಳ ಕ್ಷಮೆಯನ್ನು ಬೇಡಿದೆವು; ಅವಳು ನಕ್ಕು, “ಹೋಗಲಿ ಬಿಡಿ ಟೀಚರ್” ಎಂದಳು. ಆದರೂ ಹೆಸರಿನ ವಿಷಯದಲ್ಲಿ ತನ್ನ ಮಾತನ್ನು ಬದಲಿಸಲಿಲ್ಲ. ಅವಳ ಇಚ್ಛೆಗೆ ವಿರೋಧವಾಗಿ ನಡೆಯುವ ಅಧಿಕಾರ ನಮಗಿಲ್ಲ.

ತಾಯಿತಂದೆಗಳಲ್ಲಿಯೂ ಅತ್ತೆಮಾವಂದಿರಲ್ಲಿಯೂ ನಮ್ಮದೊಂದು ಬಿನ್ನಹ. ನಿಮ್ಮ ಮನೆಯ ಹೆಣ್ಣುಮಗಳು ಕಥೆ ಬರೆದರೆ, “ಇದು ಯಾರ ಕಥೆ?” ಎಂದು ವಿಚಾರಣೆಗೆ ತೊಡಗಬೇಡಿರಿ. ಮೊದಲು ಕುಳಿತು ಪೂರ್ತಿಯಾಗಿ ಓದಿರಿ. ಅದರಲ್ಲಿ ನಿಮ್ಮ ಮುಖ ಕಂಡಂತಾದರೆ ಸ್ವಲ್ಪ ಯೋಚಿಸಿರಿ. ದಿನಕ್ಕೊಂದು ಗಳಿಗೆ ಅವಳನ್ನು ಯಾರೂ ಕೂಗದಂತೆ ನೋಡಿಕೊಳ್ಳಿರಿ. ನಮ್ಮ ಪಾಲಿನ ಪ್ರಾಯಶ್ಚಿತ್ತವಾಗಿ, ಮಕ್ಕಳು ಕಂಡದ್ದನ್ನು ಕಂಡಂತೆ ಬರೆದ ವಾಕ್ಯವನ್ನು ಇನ್ನು ಹೊಡೆದುಹಾಕಬಾರದೆಂದು ನಮ್ಮ ಉಪಾಧ್ಯಾಯಿನಿಯರೆಲ್ಲ ಸೇರಿ ನಿಶ್ಚಯಿಸಿದ್ದೇವೆ.

ಆ ಕಥೆಯ ಕೊನೆಯಲ್ಲಿ ಒಂದು ಸಾಲಿನಷ್ಟು ಸ್ಥಳವನ್ನು ಬರಿದಾಗಿ ಬಿಡಿಸಿದ್ದೇವೆ. ಮನಸ್ಸು ಬಂದ ದಿನ ಅವಳು ಶಾಲೆಗೆ ಬರಲಿ. ಗ್ರಂಥಾಲಯದ ಪ್ರತಿಯಲ್ಲಿ ತನ್ನ ಹೆಸರನ್ನು ತಾನೇ ಬರೆಯಲಿ. ಆ ದಿನವನ್ನು ಕರ್ತನು ಬೇಗನೆ ತರಲೆಂದು ನಮ್ಮ ಪ್ರಾರ್ಥನೆ.

ನಿಮ್ಮ ಮುಖ್ಯೋಪಾಧ್ಯಾಯಿನಿ