ಅವ್ವ ಎದ್ದು ನಡೆದದ್ದು

ಈ ಸಲ ನಾನು ತೇರದಾಳಕ್ಕೆ ಹೋದದ್ದು ಅವ್ವನನ್ನು ಅಳೆಯಲಿಕ್ಕೆ. ಹಾಗೆಂದು ಬಾಯಿಬಿಟ್ಟು ಹೇಳಿರಲಿಲ್ಲ, ಅಷ್ಟೆ. ಎಪ್ಪತ್ತೆಂಟು ದಾಟಿದವಳು ಒಬ್ಬಳೇ ಇರಬಹುದೇ, ಇಲ್ಲ ಬೆಂಗಳೂರಿನ ನಮ್ಮ ಮನೆಗೆ ಕರೆತರಬೇಕೇ ಎಂದು ಅಣ್ಣತಮ್ಮಂದಿರಲ್ಲಿ ವರ್ಷದಿಂದ ವಾದ ನಡೆದಿತ್ತು. ಅವ್ವನನ್ನು ಮಾತ್ರ ಯಾರೂ ಕೇಳಿರಲಿಲ್ಲ.

ಪರಿಚಯದ ವೈದ್ಯರೊಬ್ಬರು ಸುಲಭದ ಪರೀಕ್ಷೆಯೊಂದನ್ನು ಹೇಳಿಕೊಟ್ಟಿದ್ದರು. ಮುದುಕರನ್ನು ಕೈಯಿರುವ ಕುರ್ಚಿಯಲ್ಲಿ ಕೂಡಿಸಬೇಕು. ‘ಏಳಿ’ ಎಂದೊಡನೆ ಅವರು ಎದ್ದು, ಎಂದಿನ ನಡಿಗೆಯಲ್ಲಿ ೩ ಮೀಟರು ನಡೆದು, ತಿರುಗಿ, ಮರಳಿ ಬಂದು ಕೂಡಬೇಕು. ಇದಕ್ಕೆ ೧೨ ಸೆಕೆಂಡು ಅಥವಾ ಹೆಚ್ಚು ಹಿಡಿದರೆ ಬೀಳುವ ಭಯವುಂಟೆಂದು ಅಮೆರಿಕದ ರೋಗನಿಯಂತ್ರಣ ಕೇಂದ್ರದವರ ಲೆಕ್ಕ.

ನಮ್ಮ ಮನೆಯಲ್ಲಿ ಕುರ್ಚಿಯೆಂದರೆ ಬಂದವರ ಸೊತ್ತು. ಅವ್ವ ಬಾಳೆಲ್ಲ ನೆಲದ ಮೇಲೆ ಕುಳಿತವಳು. ಪಡಸಾಲೆಯಲ್ಲಿ ಅಪ್ಪ ಕುಣಿಮಗ್ಗದೊಳಗೆ ಕಾಲಿಳಿಸಿ ನೇಯುತ್ತಿದ್ದರೆ, ಅವಳು ಪಕ್ಕದಲ್ಲೇ ರಾಟಿಯ ಮುಂದೆ ಕಂಡಿಕೆ ಸುತ್ತುವಳು. ನಡುವೆ ಒಲೆಗೊಮ್ಮೆ, ನೀರಿಗೊಮ್ಮೆ, ಅಳುವ ನಮಗೊಮ್ಮೆ ಏಳುವಳು. ಆ ಏಳುಕೂರುಗಳನ್ನು ಆಗ ಯಾರೂ ಎಣಿಸಲಿಲ್ಲ. ಅಪ್ಪ ಹೋದ ಮೇಲೆ ಕುಣಿ ಮುಚ್ಚಿಸಿ ಫರಸಿ ಹಾಕಿಸಿದೆವು. ಒಂದು ಕಂಬ ಮಾತ್ರ ಉಳಿದಿದೆ.

ಆ ಕಂಬದವರೆಗೆ ಅಳತೆ ಹಿಡಿದು, ಕುರ್ಚಿಯಿಟ್ಟು ಕರೆದೆ.

“ಯಾಕೋ ತಮ್ಮಾ, ಕುರ್ಚಿ ಮ್ಯಾಲೆ ಕುಂಡ್ರಸಾಕತ್ತಿ? ಕನ್ಯಾ ನೋಡಾಕ ಯಾರರ ಬಂದಾರೇನು?” ಎಂದು ನಕ್ಕಳು. “ಆಗೂ ಹಿಂಗ ನಡಸಿ ನೋಡಿದ್ರು. ನಿಮ್ಮಪ್ಪ ಗಡಿಯಾರ ಹಿಡಿದಿರಲಿಲ್ಲ, ಪುಣ್ಯ.”

ಎದ್ದಳು, ನಡೆದಳು, ಬಂದು ಕುಳಿತಳು. ೧೧ ಸೆಕೆಂಡು! ಗೆದ್ದೆನೆಂದು ಅಣ್ಣನಿಗೆ ಫೋನು ಮಾಡಲು ಕೈ ಹೋಯಿತು. ಆದರೆ ಕಣ್ಣಿಗೆ ಏನೋ ಕಸ ಬಿದ್ದಂತೆ ಕಿರಿಕಿರಿ. ತಿರುಗುವಾಗ ಅವಳು ಐದಾರು ಪುಟ್ಟ ಹೆಜ್ಜೆ ಇಟ್ಟಿದ್ದಳು. ಎಡಗೈ, ಧೂಳು ಒರೆಸುವ ನೆಪದಲ್ಲಿ ಎಂಬಂತೆ, ಕಂಬವನ್ನು ಮುಟ್ಟಿತ್ತು.

ಮಥಾಯಸ್, ನಾಯಕ್, ಐಸಾಕ್ಸ್ ಎಂಬ ಮೂವರು ೧೯೮೬ರಲ್ಲಿ ಈ ಪರೀಕ್ಷೆಯನ್ನು ಪ್ರಕಟಿಸಿದಾಗ ಅದರಲ್ಲಿ ಗಡಿಯಾರವೇ ಇರಲಿಲ್ಲ. ನಡೆಯುವವರನ್ನು ಕಣ್ಣಿಟ್ಟು ನೋಡಿ ೧ರಿಂದ ೫ರವರೆಗೆ ಅಂಕ ಕೊಡುವುದಷ್ಟೇ. ನೋಡುವವರ ಕಣ್ಣು ಒಂದೇ ತೆರನಾಗಿರುವುದಿಲ್ಲವೆಂದು ೧೯೯೧ರಲ್ಲಿ ಪೊಡ್ಸಿಯಾಡ್ಲೊ, ರಿಚರ್ಡ್‌ಸನ್ ಎಂಬವರು ಗಡಿಯಾರ ಸೇರಿಸಿದರು. ಒಳ್ಳೆಯದೇ ಮಾಡಿದರು. ಆದರೆ ನಾನು ಗಡಿಯಾರವನ್ನಷ್ಟೇ ನೋಡಿದ್ದರೆ ಅಂದೇ ಬಸ್ಸು ಹತ್ತಿ ಹೊರಟುಬಿಡುತ್ತಿದ್ದೆ. ಕೋಲು ಹಿಡಿಯುವವರು ಹಿಡಿದೇ ನಡೆಯಬಹುದು, ಆದರೆ ಅದನ್ನು ಬರೆದುಕೊಳ್ಳಬೇಕೆಂದೂ ವೈದ್ಯರು ಹೇಳಿದ್ದರು. ಅವ್ವನ ಕೈಯಲ್ಲಿ ಕೋಲಿರಲಿಲ್ಲ.

ಸಂಜೆ ದೀಪ ಹಚ್ಚಿದಾಗ ಕೋಲು ಕಂಡಿತು. ಅಡಿಗೆಮನೆಯಿಂದ ಬಚ್ಚಲದವರೆಗೆ, ಸೊಂಟದೆತ್ತರಕ್ಕೆ, ಸುಣ್ಣದ ಗೋಡೆಯ ಮೇಲೆ ಎಣ್ಣೆಗೈಯ ಕಲೆಗಳ ಒಂದು ಸಾಲು. ಹೋದ ಸಲವೂ ನೋಡಿದ್ದೆ. ಸುಣ್ಣ ಹೊಡೆಸಬೇಕು ಎಂದುಕೊಂಡು ಹೋಗಿದ್ದೆ.

“ಅವ್ವಾ, ಬಿದ್ದಿದ್ದೇನು?”

ಬಹಳ ಹೊತ್ತು ಮಾತಾಡಲಿಲ್ಲ. “ಉಗಾದಿ ಮುಂದ ಬಚ್ಚಲದಾಗ ಜಾರಿದ್ದೆ. ನಿಮಗ ಹೇಳಿದ್ರ ಬೆಂಗಳೂರಿಗೆ ಹೊತ್ಕೊಂಡು ಹೋಗ್ತೀರಿ. ಪ್ರಭುದೇವರ ಗುಡಿಗೆ ಹೋಗೂದೂ ಬಿಟ್ಟೇನಿ. ದಾರಿಯಾಗ ಹಿಡ್ಯಾಕ ಏನೈತಿ?”

ತೇರದಾಳದವಳು ಅಲ್ಲಮಪ್ರಭುವಿನ ಗುಡಿಗೆ ಹೋಗುವುದನ್ನು ಬಿಟ್ಟಿದ್ದಾಳೆಂದರೆ ಅದು ಸಣ್ಣ ಮಾತಲ್ಲ. ವಾರವಾರ ಫೋನಿನಲ್ಲಿ “ಆರಾಮದೀನಿ” ಎಂದವಳು ಅದನ್ನು ಹೇಳಿರಲಿಲ್ಲ. ನಾವೂ ಕೇಳಿರಲಿಲ್ಲ, ಸಕ್ಕರೆ ಎಷ್ಟು, ರಕ್ತದೊತ್ತಡ ಎಷ್ಟು ಎಂದು ಮಾತ್ರ ಕೇಳಿದ್ದೆವು.

“ಈಗ ನೀ ಕುಂಡ್ರು ನೆಲದ ಮ್ಯಾಲೆ,” ಎಂದಳು. “ಕೈ ಊರಲಾರದ ಏಳು ನೋಡೂಣು.” ಕುಳಿತೆ. ಏಳುವಾಗ ಬಲಗೈ ತಾನಾಗಿ ನೆಲಕ್ಕೆ ಹೋಯಿತು, ಬಾಯಿಂದ ಒಂದು ‘ಹಾ’ ಬಂತು. ಸೆಕೆಂಡುಗಳನ್ನು ಇಲ್ಲಿ ಬರೆಯಲಾರೆ.

ಆ ರಾತ್ರಿ ಬೆಂಗಳೂರಿನ ಮಾತೆತ್ತಲು ನನಗೆ ಬಾಯಿ ಬರಲಿಲ್ಲ. ಈ ಮನೆಯ ಗೋಡೆಗಳು ಅವಳ ಕೈಗೆ ಕತ್ತಲಲ್ಲೂ ಸಿಗುತ್ತವೆ. ನಮ್ಮ ಮನೆಯಲ್ಲಿ ನುಣುಪು ನೆಲ, ಗೋಡೆಗೊತ್ತಿದ ಕಪಾಟು, ಹಗಲೆಲ್ಲ ಹಾಕಿದ ಬಾಗಿಲು. ಅಣ್ಣ ಇದನ್ನು ಒಪ್ಪಲಿಕ್ಕಿಲ್ಲ. ವಾದ ಮುಂದುವರಿದೀತು, ಆದರೆ ಇನ್ನು ಅವ್ವನೂ ಅದರಲ್ಲಿರುತ್ತಾಳೆ.

ಮರುದಿನ ಗೌಂಡಿಯನ್ನು ಕರೆಸಿದೆ. ಬಚ್ಚಲದಲ್ಲಿ ಕಬ್ಬಿಣದ ಹಿಡಿಕೆ ಕೂಡಿಸಬೇಕಿತ್ತು. ಎತ್ತರ ಎಷ್ಟಿರಲಿ ಎಂದು ಅವನು ನನ್ನನ್ನು ಕೇಳಿದ. ನಾನು ಟೇಪು ಹುಡುಕುತ್ತಿದ್ದಂತೆ ಅವ್ವ ಬಂದು, ಗೋಡೆಯ ಕಲೆಯ ಮೇಲೆ ಕೈಯಿಟ್ಟು, “ಇಲ್ಲಿ” ಎಂದಳು.