ಬೆಳ್ಳಿಯೂ ಬರುತ್ತಾಳೆ

ಬೆಳಿಗ್ಗೆ ಕಾಫಿ ಮುಗಿಸಿ ಬೆಂಗಳೂರಿನ ಒಂದು ಲಾಡ್ಜಿಗೆ ಫೋನ್ ಮಾಡಿದೆ. ಶನಿವಾರ, ಭಾನುವಾರ ಎರಡು ರಾತ್ರಿಗೆ ರೂಮು ಬೇಕು, ನಾವಿಬ್ಬರು, ಮಗಳೊಬ್ಬಳು ಎಂದೆ. "ಇದೆ ಮೇಡಂ, ಬನ್ನಿ" ಎಂದ ಹುಡುಗ. ಜೊತೆಗೊಂದು ಪಮೇರಿಯನ್ ನಾಯಿ ಇರುತ್ತೆ, ಆರೇ ಕೆಜಿ, ಬೊಗಳುವುದು ಕಡಿಮೆ ಎಂದೆ. ಆ ಕಡೆಯಿಂದ ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ, "ಅದನ್ನ ಅಲ್ಲೇ ಎಲ್ಲಾದ್ರೂ ಬಿಟ್ಟು ಬನ್ನಿ ಮೇಡಂ" ಎಂದ. ದನಿಯಲ್ಲಿ ಒರಟೇನೂ ಇರಲಿಲ್ಲ. ಮಳೆ ಇಲ್ಲ, ಕೊಡೆ ಬಿಟ್ಟು ಬನ್ನಿ ಎನ್ನುವಷ್ಟು ಹಗುರವಾಗಿ ಹೇಳಿದ. ಆ ಹಗುರವೇ ಇಷ್ಟು ಹೊತ್ತಾದರೂ ಮನಸ್ಸಿನಲ್ಲಿ ಮುಳ್ಳಿನಂತೆ ಕೂತಿದೆ.

ಲಾಡ್ಜಿನವರ ಕಷ್ಟ ನನಗೆ ಅರ್ಥವಾಗದ್ದಲ್ಲ. ಹಾಸಿಗೆಯ ಮೇಲೆ ಕೂದಲು, ಮೂಲೆಯಲ್ಲಿ ವಾಸನೆ, ಪಕ್ಕದ ರೂಮಿನವರ ನಿದ್ದೆ. ಇದೆಲ್ಲ ನಿಜ, ಎಲ್ಲರಿಗೂ ಗೊತ್ತಿರುವುದೇ. ಸ್ವರ್ಗದ ಬಾಗಿಲಲ್ಲಿ ನಾಯಿಯನ್ನು ಬಿಟ್ಟು ಬಾ ಎಂದ ಇಂದ್ರನಿಗೆ ಧರ್ಮರಾಯ ಏನು ಹೇಳಿದ ಎಂಬುದೂ ಎಲ್ಲರಿಗೂ ಗೊತ್ತು. ನನ್ನ ಪ್ರಶ್ನೆ ಅದಕ್ಕಿಂತ ಚಿಕ್ಕದು: ಎಲ್ಲಿ ಬಿಡುವುದು? ಹೋದ ವರ್ಷ ಒಮ್ಮೆ ಬಿಟ್ಟಿದ್ದೆವು, ನಾಯಿಗಳನ್ನು ಇಟ್ಟುಕೊಳ್ಳುವ ಒಂದು ಕಡೆ. ಎರಡೇ ದಿನ. ಅವರು ಚೆನ್ನಾಗಿಯೇ ನೋಡಿಕೊಂಡರು. ಆದರೆ ಬೆಳ್ಳಿ ಅನ್ನ ಮುಟ್ಟಲಿಲ್ಲ. ಮನೆಗೆ ಬಂದ ಮೇಲೂ ನಾವು ಯಾರು ಚಪ್ಪಲಿ ಮೆಟ್ಟಿದರೂ ಓಡಿಬಂದು ಬಾಗಿಲಿಗೆ ಅಡ್ಡ ಮಲಗುತ್ತಿದ್ದಳು. ಹಾಗೆ ಒಂದು ವಾರ. ಅವಳನ್ನು ದಾಟಿಕೊಂಡು ಹಾಲು ತರಲು ಹೋಗುವಾಗ ನನಗೆ ಕಾಲೇ ಏಳುತ್ತಿರಲಿಲ್ಲ.

ನಾನು ಚಿಕ್ಕವಳಿದ್ದಾಗ ನಾಯಿಯನ್ನು ಪ್ರವಾಸಕ್ಕೆ ಕರೆದೊಯ್ಯುವ ಮಾತೇ ಇರಲಿಲ್ಲ. ಅಜ್ಜನ ಮನೆಯ ಕರಿಯ ಹೊಲಕ್ಕೆ ಸೇರಿದವನು, ಹಟ್ಟಿಗೆ ಸೇರಿದವನು. ಬೇಸಗೆ ರಜೆ ಮುಗಿದು ನಾವು ಬಸ್ಸು ಹತ್ತಿದರೆ ಹಿಂದೆಯೇ ಓಡಿ ಬರುತ್ತಿದ್ದ. ಊರಾಚೆಯ ಹುಣಸೆಮರದವರೆಗೆ ಬಂದು ನಿಂತುಬಿಡುತ್ತಿದ್ದ. ಅಲ್ಲಿಂದ ಮುಂದೆ ತನ್ನದಲ್ಲ ಎಂದು ಅವನಿಗೆ ಯಾರು ಹೇಳಿದ್ದರೋ. ಹಿಂದಿನ ಗಾಜಿನಲ್ಲಿ ಅವನು ಚುಕ್ಕಿಯಾಗುವವರೆಗೂ ನೋಡುತ್ತಿದ್ದೆ. ಕರಿಯನನ್ನು ಬಿಟ್ಟು ಬಂದರೂ ಅವನಿಗೊಂದು ಊರಿತ್ತು. ಮೂರು ಕೋಣೆಯ ಬಾಡಿಗೆ ಮನೆಯಲ್ಲಿ ಬೆಳೆದ ಬೆಳ್ಳಿಗೆ ಊರೆಂದರೆ ನಾವು ಮೂವರು. ನಾವು ಬೀಗ ಹಾಕಿ ಹೊರಟೆವೆಂದರೆ ಅವಳ ಊರೇ ಎದ್ದು ಹೋದಂತೆ.

ಹಾಗಾಗಿ ಅವಳೂ ಬರುತ್ತಾಳೆ. ಮೈಸೂರಿನಿಂದ ಬೆಂಗಳೂರಿಗೆ ರೈಲಿನಲ್ಲಿ ಒಯ್ಯಬೇಕೆಂದರೆ ಎಸಿ ಫಸ್ಟ್ ಕ್ಲಾಸಿನಲ್ಲಿ ಇಬ್ಬರ ಕೂಪೆಯನ್ನೋ ನಾಲ್ವರ ಕ್ಯಾಬಿನ್ನನ್ನೋ ಪೂರ್ತಿ ನಮ್ಮ ಹೆಸರಿಗೇ ಕಾದಿರಿಸಬೇಕು. ಇಲ್ಲವಾದರೆ ಪಾರ್ಸೆಲ್ ಕಚೇರಿಯಲ್ಲಿ ಬುಕ್ ಮಾಡಿ ಗಾರ್ಡಿನ ಬೋಗಿಯ ಪೆಟ್ಟಿಗೆಯಲ್ಲಿ ಕಳಿಸಬೇಕು. ಆ ಕತ್ತಲೆಯ ಪೆಟ್ಟಿಗೆಯಲ್ಲಿ ಅವಳು, ಕಿಟಕಿ ಪಕ್ಕ ನಾವು. ಬೇಡವೇ ಬೇಡ. ನಮಗೆ ಕೆಂಪು ಬಸ್ಸೇ ವಾಸಿ. ಕೆಎಸ್‌ಆರ್‌ಟಿಸಿಯಲ್ಲಿ ಮೊದಲು ನಾಯಿಗೆ ದೊಡ್ಡವರಷ್ಟೇ ಟಿಕೆಟ್ಟಿತ್ತು, 2022ರಲ್ಲಿ ಅದನ್ನು ಅರ್ಧಕ್ಕಿಳಿಸಿದರು. ಕೋಳಿಗೂ ಅರ್ಧ ಟಿಕೆಟ್ ಹರಿಯುವ ಬಸ್ಸದು. ಹೋದ ಸಲ ಕಂಡಕ್ಟರು ಟಿಕೆಟ್ ಕೊಟ್ಟು, "ಎಷ್ಟು ವಯಸ್ಸಮ್ಮ ಇದಕ್ಕೆ?" ಎಂದು ಕೇಳಿದರು. ನಾಲ್ಕು ಎಂದೆ. "ನಮ್ಮನೇದು ಹದಿನಾಲ್ಕು ವರ್ಷ ಇತ್ತು" ಎಂದು ಹೇಳಿ ಮುಂದಿನ ಸೀಟಿಗೆ ಹೋದರು. ಆ ಒಂದು ಮಾತಿಗೆ ಅರ್ಧವಲ್ಲ, ಪೂರ್ತಿ ಟಿಕೆಟ್ಟಿನ ದುಡ್ಡು ಕೊಡಲೂ ನಾನು ತಯಾರಿದ್ದೆ.

ಹೊರಡುವ ಮೂರು ನಾಲ್ಕು ಗಂಟೆ ಮುಂಚೆ ಬೆಳ್ಳಿಯ ಊಟ ನಿಲ್ಲಿಸಬೇಕು, ಇಲ್ಲದಿದ್ದರೆ ಬಿಡದಿ ಬರುವಷ್ಟರಲ್ಲಿ ವಾಂತಿ. ನೀರು ಮಾತ್ರ ಗುಟುಕು ಗುಟುಕಾಗಿ ಕೊಡುತ್ತಿರಬೇಕು. ಅವಳು ಮಲಗುವ ಹಳೇ ದುಪ್ಪಟಿಯನ್ನು ಒಗೆಯದೆ ಹಾಗೇ ತರಬೇಕು, ಮನೆಯ ವಾಸನೆ ಅದರಲ್ಲಿರುತ್ತದೆ. ರೇಬಿಸ್ ಲಸಿಕೆಯ ಪುಸ್ತಕ, ಕೊರಳಪಟ್ಟಿಯಲ್ಲಿ ನಮ್ಮ ಫೋನ್ ನಂಬರು. ಕಾರಿನಲ್ಲಿ ಹೋಗುವವರಿಗೆ ಒಂದೇ ಮಾತು: ಐದು ನಿಮಿಷವೆಂದು ಹೇಳಿ ಗಾಜು ಏರಿಸಿ ನಾಯಿಯನ್ನು ಒಳಗೆ ಬಿಡಬೇಡಿ. ಹೊರಗೆ 30 ಡಿಗ್ರಿ ಇದ್ದರೆ ಮುಚ್ಚಿದ ಕಾರಿನೊಳಗೆ ಹತ್ತೇ ನಿಮಿಷಕ್ಕೆ 40 ಮುಟ್ಟುತ್ತದೆ. ನಾಯಿಗೆ ನಮ್ಮಂತೆ ಮೈಯೆಲ್ಲ ಬೆವರುವುದಿಲ್ಲ, ತೇಕಿ ತೇಕಿಯೇ ಮೈ ತಣಿಸಿಕೊಳ್ಳಬೇಕು.

ತಡೆರಹಿತ ಬಸ್ಸುಗಳು ಈಗ ಹೊಸ ಹೆದ್ದಾರಿ ಹಿಡಿದು ಮದ್ದೂರನ್ನು ಪಕ್ಕಕ್ಕೆ ಬಿಟ್ಟು ಹೋಗುತ್ತವೆ. ಊರೂರಿಗೂ ನಿಲ್ಲುವ ಬಸ್ಸಿನಲ್ಲಿ ಮದ್ದೂರು ಬಂದಾಗ ಎಲ್ಲರೂ ವಡೆ ಎನ್ನುತ್ತಾರೆ. ನನಗೆ ಕಾಳಿ ನೆನಪಾಗುತ್ತಾಳೆ.

ಈ ತಾಲ್ಲೂಕಿನಲ್ಲೇ ಆತಕೂರು ಎಂಬ ಊರಿದೆ. ತಕ್ಕೋಲದ ಕಾಳಗದಲ್ಲಿ ರಾಷ್ಟ್ರಕೂಟರ ಮುಮ್ಮಡಿ ಕೃಷ್ಣನ ಪರವಾಗಿ ಗಂಗರ ಬೂತುಗ ಚೋಳರೊಂದಿಗೆ ಹೋರಾಡಿದ. ಅವನ ಭಟ ಮಣಲೆರ ಎಂಬುವನು ಅದರಲ್ಲಿ ಮೆರೆದ. ಮೆಚ್ಚಿದ ದೊರೆ, ಏನು ಬೇಕೋ ಕೇಳು ಎಂದ. ಯುದ್ಧ ಗೆದ್ದುಕೊಟ್ಟವನು ಏನೇನು ಕೇಳಬಹುದಿತ್ತು! ಮಣಲೆರ ಕೇಳಿದ್ದು ದೊರೆಯ ಬೇಟೆನಾಯಿ ಕಾಳಿಯನ್ನು. ಆಮೇಲೆ ಬೆಳತೂರಿನ ಪಡುವಣ ಮೊರಡಿಯಲ್ಲಿ ಒಂದು ದೊಡ್ಡ ಹಂದಿಯ ಮೇಲೆ ಕಾಳಿಯನ್ನು ಬಿಟ್ಟರು. ಹಂದಿಯೂ ನಾಯಿಯೂ ಹೋರಾಡಿ ಒಟ್ಟಿಗೇ ಸತ್ತವು. ಮಣಲೆರ ಆತಕೂರಿನ ಚಲ್ಲೇಶ್ವರ ಗುಡಿಯ ಮುಂದೆ ಕಾಳಿಗೆ ಕಲ್ಲು ನಿಲ್ಲಿಸಿದ, ಅದರ ಪೂಜೆಗೆಂದು ಕೆರೆಯ ಕೆಳಗಿನ ಗದ್ದೆ ಬಿಟ್ಟ. ಆ ಕಲ್ಲಿಗೆ ಪೂಜೆ ಮಾಡದೆ ಉಂಡ ಗೊರವನಿಗೆ, ಅಂದರೆ ಗುಡಿಯ ಪೂಜಾರಿಗೆ, ನಾಯಿ ಮಾಡಿದ ಪಾಪವೆಲ್ಲ ತಟ್ಟುತ್ತದೆ ಎಂದು ಬರೆಸಿದ. ಶಕ 872, ಅಂದರೆ ಕ್ರಿ.ಶ. 949-50. ಒಂದೇ ಕಲ್ಲಿನಲ್ಲಿ ತಕ್ಕೋಲದ ಯುದ್ಧವೂ ಇದೆ, ಕಾಳಿಯ ಹೆಸರೂ ಇದೆ, ನಾಯಿ ಹಂದಿಗಳ ಕಾದಾಟದ ಚಿತ್ರವೂ ಇದೆ. ಚರಿತ್ರೆ ಓದುವವರು ಯುದ್ಧಕ್ಕಾಗಿ ಆ ಕಲ್ಲನ್ನು ಓದುತ್ತಾರೆ. ಅದನ್ನು ನೆಟ್ಟದ್ದು ನಾಯಿಗಾಗಿ.

ನಾಯಿಪಾಡು ಎನ್ನುತ್ತೇವೆ, ನಾಯಿ ಬಾಲ ಡೊಂಕು ಎನ್ನುತ್ತೇವೆ, ಆನೆ ಹೋಗುವಾಗ ನಾಯಿ ಬೊಗಳಿದಂತೆ ಎನ್ನುತ್ತೇವೆ. ನಮ್ಮ ಮಾತಿನಲ್ಲಿ ನಾಯಿ ಎಂದಮೇಲೆ ಹೀನಾಯವೇ. ಅದೇ ಕನ್ನಡದಲ್ಲಿ ಸಾವಿರ ವರ್ಷದ ಹಿಂದೆ ಒಬ್ಬ ವೀರ ತನ್ನ ಹೆಸರಿನ ಪಕ್ಕದಲ್ಲಿ ನಾಯಿಯ ಹೆಸರು ಕೆತ್ತಿಸಿದ. ಗಾದೆಗಳಿಗಿಂತ ಆ ಕಲ್ಲೇ ನನಗೆ ಹೆಚ್ಚು ಕನ್ನಡ ಅನ್ನಿಸುತ್ತದೆ.

ಬೆಂಗಳೂರಿನಲ್ಲಿ ಬೆಳ್ಳಿಗೆ ಹೋಗಲು ಜಾಗ ಬಹಳವಿಲ್ಲ. ಲಾಲ್‌ಬಾಗಿನಲ್ಲಿ ನಾಯಿಗೆ ಪ್ರವೇಶವಿಲ್ಲ, ಮೆಟ್ರೊದಲ್ಲೂ ಇಲ್ಲ. ಕಬ್ಬನ್ ಪಾರ್ಕಿನಲ್ಲಿ ಮಾತ್ರ ಹಗ್ಗ ಹಿಡಿದು ನಡೆಸಬಹುದು, ಬೇಲಿ ಹಾಕಿದ ನಾಯಿಗಳ ಜಾಗವೊಂದು ಅಲ್ಲಿದೆ. ಹೋದ ಸಲ ಬಿದಿರಿನ ಮೆಳೆಯ ಕೆಳಗೆ ಅವಳು ಒಂದೊಂದು ಎಲೆಯನ್ನೂ ಮೂಸಿ ಮೂಸಿ ನಡೆದಳು. ನಾವು ನಗರ ನೋಡುವುದು ಕತ್ತೆತ್ತಿ, ಅವಳು ನೋಡುವುದು ನೆಲಕ್ಕೆ ಮೂಗಿಟ್ಟು. ಅವಳ ಜೊತೆ ನಡೆದ ಆ ಒಂದು ಗಂಟೆಯಲ್ಲಿ ನಾನು ಯಾವ ಅಂಗಡಿಯನ್ನೂ ನೆನೆಯಲಿಲ್ಲ.

ಪಾರ್ಕಿಗೆ ಅಂಟಿಕೊಂಡೇ ಕಸ್ತೂರಬಾ ರಸ್ತೆಯಲ್ಲಿ ಸರ್ಕಾರಿ ವಸ್ತುಸಂಗ್ರಹಾಲಯ ಇದೆ, 1877ರ ಕೆಂಪು ಕಟ್ಟಡ. ಕಾಳಿಯ ಕಲ್ಲು ಈಗ ಇರುವುದು ಅಲ್ಲಿಯೇ. ನಾಯಿಯನ್ನು ಒಳಗೆ ಬಿಡುವುದಿಲ್ಲ, ಬಿಡಬೇಕೆಂದು ನಾನು ಕೇಳುವುದೂ ಇಲ್ಲ. ಹೋದ ಸಲ ಯಜಮಾನರು ಬೆಳ್ಳಿಯನ್ನು ಎತ್ತಿಕೊಂಡು ಹೊರಗೆ ನಿಂತರು, ನಾನು ಮಗಳನ್ನು ಕರೆದುಕೊಂಡು ಹೋಗಿ ಬಂದೆ. ಕಾಳಿ ಹಂದಿಯ ಮೇಲೆರಗಿದ್ದನ್ನು ಮಗಳು ಬಹಳ ಹೊತ್ತು ನೋಡಿದಳು. "ಅವಳಿಗೂ ಯಾರೋ ಇದ್ರು, ಅಲ್ವೇನಮ್ಮ" ಎಂದಳು.

ಬೇರೆ ಮೂರು ಲಾಡ್ಜಿಗೆ ಕೇಳಿ, ನಾಲ್ಕನೆಯದರಲ್ಲಿ ರೂಮು ಸಿಕ್ಕಿದೆ. ದಿನಕ್ಕೆ ಐನೂರು ರೂಪಾಯಿ ಹೆಚ್ಚು, ದುಪ್ಪಟಿ ನಾವೇ ತರಬೇಕು. ಒಪ್ಪಿದೆ. ಲಾಡ್ಜು ನಡೆಸುವವರಲ್ಲಿ ನನ್ನ ಕೋರಿಕೆ ಇಷ್ಟೇ: ದುಡ್ಡು ಹೆಚ್ಚು ಕೇಳಿ, ಹಾಸಿಗೆ ಹತ್ತಿಸಬೇಡಿ ಎನ್ನಿ, ಆಗುವುದೇ ಇಲ್ಲ ಎಂದರೂ ಸರಿ. ಬಿಟ್ಟು ಬನ್ನಿ ಎಂದು ಮಾತ್ರ ಹೇಳಬೇಡಿ. ನೀವೂ ಬೆಂಗಳೂರಿಗೆ ಹೋದಾಗ, ನಾಯಿ ಇರಲಿ ಇಲ್ಲದಿರಲಿ, ಒಂದು ಅರ್ಧ ಗಂಟೆ ಬಿಡುವು ಮಾಡಿಕೊಂಡು ಆ ಕೆಂಪು ಕಟ್ಟಡಕ್ಕೆ ಹೋಗಿ ಕಾಳಿಯನ್ನು ನೋಡಿ ಬನ್ನಿ.